ಗಚ್ಚಿಯ ಮೇಲೆ ಮುಸುಕುಧಾರಿಯ ವಿಮಾನ

ಹಳೆಯ ಹಾಲಿವುಡ್ ಕಂತು ಚಿತ್ರಗಳಲ್ಲಿ ವಿಮಾನ ಹಾರುವುದನ್ನು ಕಂಡವರು ಮೊದಲು ಹುಡುಕುವುದು ತಂತಿಯನ್ನು. ಅದೂ ವಿಮಾನದ ಮೇಲ್ಗಡೆ. ಅಲ್ಲಿ ಏನೂ ಸಿಗುವುದಿಲ್ಲ. ರಿಪಬ್ಲಿಕ್ ಸ್ಟುಡಿಯೋದ ಹೋವರ್ಡ್ ಮತ್ತು ಥಿಯೊಡೋರ್ ಲೈಡೆಕರ್ ಸಹೋದರರು ತಂತಿಯನ್ನು ವಿಮಾನ ಸಾಗುವ ದಿಕ್ಕಿಗೇ ಎಳೆದು ಕಟ್ಟಿ, ಅದರ ಮೇಲೆ ಮಾದರಿಯನ್ನು ಜಾರಿಸುತ್ತಿದ್ದರು. ಚಿತ್ರೀಕರಣ ಬಯಲಲ್ಲಿ, ನಿಜವಾದ ಬಿಸಿಲಲ್ಲಿ. ಇದನ್ನು ಮುಂಬೈಯ ಯಾವುದೇ ಬಿಲ್ಡಿಂಗಿನ ಗಚ್ಚಿಯ ಮೇಲೆ ಮೊಬೈಲಿನಲ್ಲೇ ಮಾಡಬಹುದು. ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಕಿರುಚಿತ್ರ ಮಾಡಲು ಹೊರಟ ಹುಡುಗರಿಗೆ ಇದಕ್ಕಿಂತ ಅಗ್ಗದ ರೋಮಾಂಚನ ಇನ್ನೊಂದಿಲ್ಲ.

ಮುಸುಕೂ ಅಗ್ಗದ ಉಪಾಯವೇ. 1942ರ ‘ಸ್ಪೈ ಸ್ಮ್ಯಾಷರ್’ ಹನ್ನೆರಡು ಕಂತುಗಳದ್ದು. ನಾಯಕ ಕೇನ್ ರಿಚ್ಮಂಡ್. ಕನ್ನಡಕ, ತಲೆಗವಸು ಬಿಗಿದ ಮೇಲೆ ಜಿಗಿಯುವವನು ಸ್ಟಂಟ್‌ಮನ್ ಡೇವಿಡ್ ಶಾರ್ಪ್ ಎಂದು ಯಾರಿಗೆ ಗೊತ್ತಾಗಬೇಕು? ನಮ್ಮ ಪರೇಲಿನ ವಾಡಿಯಾ ಮೂವಿಟೋನ್ ಸ್ಟುಡಿಯೋದ್ದು ಇದರ ತಿರುವುಮುರುವು. 1935ರ ‘ಹಂಟರ್‌ವಾಲಿ’ಯಲ್ಲಿ ಮುಸುಕಿನ ಒಳಗಿದ್ದು ಸ್ವತಃ ನಾಯಕಿ ನಾಡಿಯಾ, ಸಾಹಸವೂ ಆಕೆಯದೇ. ಮರುವರ್ಷದ ‘ಮಿಸ್ ಫ್ರಾಂಟಿಯರ್ ಮೇಲ್’ನಲ್ಲಿ ಮುಸುಕು ಹಾಕಿದವನು ಖಳ, ಸಿಗ್ನಲ್ ಎಕ್ಸ್. ಆ ಸ್ಟುಡಿಯೋ ಜಾಗದಲ್ಲೇ 1942ರಲ್ಲಿ ನಿರ್ದೇಶಕ ವಿ. ಶಾಂತಾರಾಮರ ರಾಜಕಮಲ್ ಸ್ಟುಡಿಯೋ ಶುರುವಾಯಿತು.

ಇನ್ನು ಕೆಲಸ. ಮಾದರಿಯ ಅಳತೆ 1:24, ಅಂದರೆ ನಿಜದ ಇಪ್ಪತ್ತನಾಲ್ಕನೇ ಒಂದು ಪಾಲು ಇರಲಿ. ಸುಮಾರು 10 ಮೀಟರ್ ರೆಕ್ಕೆಯ ವಿಮಾನ ಆಗ 42 ಸೆಂ.ಮೀ. ಆಗುತ್ತದೆ. ಥರ್ಮಾಕೋಲ್ ಕೊರೆದು, ಮೇಲೆ ಫೆವಿಕಾಲ್ ಸವರಿದ ತೆಳು ಕಾಗದ ಅಂಟಿಸಿ. ಬರಿಯ ಥರ್ಮಾಕೋಲಿನ ಗುಳ್ಳೆಗಳು ಬಿಸಿಲಲ್ಲಿ ಎದ್ದು ಕಾಣುತ್ತವೆ. ಒಟ್ಟು ತೂಕ 150 ಗ್ರಾಂ ದಾಟಬಾರದು. ಎರಡೂ ರೆಕ್ಕೆಗಳಲ್ಲಿ, ಪರಸ್ಪರ 20 ಸೆಂ.ಮೀ. ದೂರದಲ್ಲಿ, ಖಾಲಿಯಾದ ಬಾಲ್‌ಪೆನ್ ರೀಫಿಲ್ಲಿನ 7 ಸೆಂ.ಮೀ. ಒಂದೊಂದು ತುಂಡನ್ನು ಮೂತಿಯಿಂದ ಬಾಲದ ದಿಕ್ಕಿಗೆ ಹುದುಗಿಸಿ. ತಂತಿ ಹಾಯುವುದು ಇದರೊಳಗೆ. ಒಂದೇ ತಂತಿಯಾದರೆ ವಿಮಾನ ಗಿರಗಿರ ತಿರುಗುತ್ತದೆ. ರೀಫಿಲ್ ತುಂಡು ತೀರ ಗಿಡ್ಡವಾದರೆ ಮೂತಿ ತಗ್ಗಿಸಿ ಸಿಕ್ಕಿಕೊಳ್ಳುತ್ತದೆ.

ತಂತಿ 0.3 ಮಿ.ಮೀ.ನ ಸ್ಪ್ರಿಂಗ್ ಸ್ಟೀಲ್. ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ. ಗಾಳದ ನೈಲಾನ್ ದಾರ ಹಿಗ್ಗುತ್ತದೆ, ಕಟ್ಟಡದವರ ಬೈಂಡಿಂಗ್ ತಂತಿ ಮೆತ್ತಗೆ. 10 ಮೀಟರ್ ಉದ್ದಕ್ಕೆ ಎರಡನ್ನೂ ಕಟ್ಟಿ. ಮೇಲಿನ ತುದಿ ನೀರಿನ ಟ್ಯಾಂಕಿನ ಕಬ್ಬಿಣಕ್ಕೆ, ಕೆಳತುದಿ ಅದಕ್ಕಿಂತ ಒಂದೂವರೆ ಮೀಟರ್ ತಗ್ಗಿನಲ್ಲಿ. ಕೆಳತುದಿಯಲ್ಲಿ ಗಂಟು ಹಾಕಬೇಡಿ. ಪ್ರತಿ ತಂತಿಯನ್ನೂ ಒಂದು ಸಣ್ಣ ರಾಟೆಯ ಮೇಲೆ ಹಾಯಿಸಿ, 3 ಲೀಟರ್ ನೀರು ತುಂಬಿದ ಕ್ಯಾನ್ ನೇತುಹಾಕಿ. ಎರಡಕ್ಕೂ ಸಮ ಬಿಗಿ ಬರುತ್ತದೆ. ವಿಮಾನ ನಟ್ಟನಡುವೆ ಬಂದಾಗಲೂ ಸುಮಾರು 6 ಸೆಂ.ಮೀ. ಮಾತ್ರ ಜೋಲುತ್ತದೆ. ತಂತಿಯಲ್ಲಿ ಒಂದು ಮುರಿಕೆ ಬಿದ್ದರೆ ಸಾಕು, ವಿಮಾನ ಪ್ರತಿ ಸಲ ಅಲ್ಲೇ ತಡೆದು ನಿಲ್ಲುತ್ತದೆ. ಅದನ್ನು ನೆಟ್ಟಗೆ ಮಾಡುತ್ತ ಕೂರಬೇಡಿ, ತಂತಿಯನ್ನೇ ಬದಲಿಸಿ. ವಿಮಾನ ಬಂದು ಬಡಿಯುವ ಕಡೆ ಒಂದು ಹಳೇ ದಿಂಬು.

ತಂತಿಯ ಹೊಳಪನ್ನು ನುಣುಪು ಉಪ್ಪುಕಾಗದದಿಂದ ತೆಗೆಯಿರಿ. ಮುಂಬೈಯ ಮಬ್ಬು ಬಿಳಿ ಆಕಾಶ, ಎಲ್ಲರೂ ಬೈಯುವ ಆಕಾಶ, ಇಲ್ಲಿ ಉಪಕಾರಿ: ಮಂಕು ತಂತಿ ಅದರಲ್ಲಿ ಕರಗಿಹೋಗುತ್ತದೆ. ಮೊಬೈಲನ್ನು ಇಳಿಜಾರಿಗೆ ಸರಿಯಾಗಿ ಓರೆ ಹಿಡಿದರೆ ತಂತಿ ಅಡ್ಡಗೆರೆಯಂತೆ ಸಮತಟ್ಟಾಗಿ, ವಿಮಾನ ನೇರ ಹಾರಿದಂತೆ ಕಾಣುತ್ತದೆ. ಚೌಕಟ್ಟಿನಲ್ಲಿ ಆಕಾಶ ಮಾತ್ರ ಇರಬೇಕು. ಪಕ್ಕದ ಟವರಿನ ಮೂಲೆ ಇಣುಕಿದರೂ ಗುಟ್ಟು ರಟ್ಟು.

ವೇಗದ ಲೆಕ್ಕ ತಪ್ಪಿದರೆ ಆಟಿಕೆ ಆಟಿಕೆಯಾಗೇ ಉಳಿಯುತ್ತದೆ. ಬೀಳುವ ವಸ್ತು, ಹೊಗೆ, ಧೂಳು ದೊಡ್ಡದೆನಿಸಬೇಕಾದರೆ ಅಳತೆಯ ವರ್ಗಮೂಲದಷ್ಟು ನಿಧಾನವಾಗಬೇಕು. 24ರ ವರ್ಗಮೂಲ ಹತ್ತಿರ ಹತ್ತಿರ 5. ಹಾಗಾಗಿ ಸೆಕೆಂಡಿಗೆ 120 ಫ್ರೇಮ್ ತೆಗೆದು 24ರಲ್ಲಿ ಓಡಿಸಿ. ಆದರೆ ಬರೀ ಹಾರಾಟಕ್ಕೆ ಅದು ಅತಿ. ಈ ಇಳಿಜಾರಿನಲ್ಲಿ ವಿಮಾನಕ್ಕೆ ಸಿಗುವ ವೇಗಕ್ಕೆ 60 ಫ್ರೇಮ್ ಸರಿಹೋಗುತ್ತದೆ. 120ರಲ್ಲಿ ಹಾರದೆ ತೇಲಿದಂತಿರುತ್ತದೆ. ಮೊಬೈಲಿನಲ್ಲಿ ಪ್ರೊಪೆಲ್ಲರ್ ನಿಂತ ಹಾಗೆ, ಹಿಂದಕ್ಕೆ ತಿರುಗಿದ ಹಾಗೆ ಕಾಣುವುದರಿಂದ ಅದನ್ನು ಬಿಟ್ಟು, ಮಿಠಾಯಿ ಡಬ್ಬದ ಪಾರದರ್ಶಕ ಮುಚ್ಚಳದಿಂದ 11 ಸೆಂ.ಮೀ.ನ ಬಿಲ್ಲೆ ಕತ್ತರಿಸಿ ಮೂತಿಗೆ ಅಂಟಿಸಿ.

ಸ್ಫೋಟಕ್ಕೆ ಪಟಾಕಿ ಬೇಡ. ಮೈದಾ ಅಂತೂ ಬೇಡವೇ ಬೇಡ, ಗಾಳಿಯಲ್ಲಿ ಹರಡಿದ ಹಿಟ್ಟಿಗೆ ಕಿಡಿ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪಿನ ಕೊಳವೆಯ ಬಾಯಿಗೆ ಎರಡು ಚಮಚ ಮುಲ್ತಾನಿ ಮಿಟ್ಟಿ ಇಟ್ಟು ಒಂದೇ ಸಲ ಒತ್ತಿ. ಮುಲ್ತಾನಿ ಮಿಟ್ಟಿ ಬೆರಳಿಗೆ ಹತ್ತಿದರೂ ಗೊತ್ತಾಗದಷ್ಟು ಸಣ್ಣಗಿರಬೇಕು. ಒಂದು ಹರಳು ಉಳಿದರೂ 120 ಫ್ರೇಮಿನಲ್ಲಿ ಬಂಡೆ ಹಾರಿದಂತೆ ಕಾಣುತ್ತದೆ.

ಕಾಲ ನವೆಂಬರಿನಿಂದ ಫೆಬ್ರವರಿ, ಬೆಳಿಗ್ಗೆ ಎಂಟರಿಂದ ಹತ್ತು. ಹೊತ್ತೇರಿ ಸಮುದ್ರದ ಗಾಳಿ ಬೀಸತೊಡಗಿದರೆ 150 ಗ್ರಾಮಿನ ವಿಮಾನ ತೊಟ್ಟಿಲಾಗುತ್ತದೆ. ಸಂಕ್ರಾಂತಿಯ ಸುತ್ತಮುತ್ತ ಗಾಳಿಪಟದ ಮಾಂಜಾ ಬೇರೆ. ಸೊಸೈಟಿ ಸೆಕ್ರೆಟರಿಯವರ ಒಪ್ಪಿಗೆ ಮೊದಲೇ ಪಡೆಯಿರಿ. ತಂತಿಗೆ ಕೆಂಪು ಬಟ್ಟೆ ಕಟ್ಟಿಡಿ, ಶಾಟ್ ಹೊತ್ತಿಗೆ ಮಾತ್ರ ಬಿಚ್ಚಿ. ಹಪ್ಪಳ ಒಣಗಿಸಲು ಬರುವವರ ಕುತ್ತಿಗೆಯ ಎತ್ತರಕ್ಕೇ ಅದು ಇರುತ್ತದೆ.

ಕೊನೆಗೆ ಕಂತುಗಳ ಹಳೇ ಮೋಸವೊಂದು. ಮೊದಲ ಕಂತು ಮುಗಿಯುವುದು ವಿಮಾನ ಸಿಡಿಯುವಲ್ಲಿ. ಎರಡನೆಯದರಲ್ಲಿ ಅದೇ ದೃಶ್ಯದ ನಡುವೆ, ಸಿಡಿಯುವ ಮುನ್ನ ನಾಯಕ ಪ್ಯಾರಾಶೂಟ್ ಸಮೇತ ಹಾರಿದ ಹೊಸ ಶಾಟ್ ಸೇರಿರುತ್ತದೆ. ಕರವಸ್ತ್ರದ ಆ ಪ್ಯಾರಾಶೂಟನ್ನೂ ಅದೇ ಬೆಳಿಗ್ಗೆ, 120 ಫ್ರೇಮಿನಲ್ಲಿ, ತೆಗೆದುಬಿಡಿ. ಮರುದಿನ ಆಕಾಶದ ಬಣ್ಣ ಬೇರೆಯೇ ಇರುತ್ತದೆ.