ಕಿವಿ ಬಟ್ಟಲಾಗುವ ಗಳಿಗೆ

ಕಾವಿಗಿಟ್ಟ ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಂಡಿ ತೆರೆದು, ಎರಡು ದಿನದ ಭ್ರೂಣವನ್ನು ಸೂಕ್ಷ್ಮದರ್ಶಕದಡಿ ಮೊದಲ ಬಾರಿ ನೋಡಿದಾಗ, ಹಿಮ್ಮೆದುಳಿನ ಇಕ್ಕೆಲಗಳಲ್ಲಿ ಬೆರಳೊತ್ತಿದಂತಿದ್ದ ಎರಡು ತಗ್ಗುಗಳೇ ಒಳಗಿವಿಯ ಆರಂಭವೆಂದು ನಂಬಲು ನನಗೆ ಕಷ್ಟವಾಯಿತು. ಹೊರಪದರದ ಕೆಲವು ಕೋಶಗಳು, ನೆರೆಯ ಅಂಗಾಂಶಗಳು ಸ್ರವಿಸುವ ಎಫ್‌ಜಿಎಫ್ ಎಂಬ ಪ್ರೋಟೀನುಗಳ ಸಂಕೇತಕ್ಕೆ ಓಗೊಟ್ಟು, ಅಲ್ಲಿ ಎತ್ತರಕ್ಕೆ ಬೆಳೆದು ದಪ್ಪನೆಯ ಫಲಕವಾಗುತ್ತವೆ.

ಆ ಫಲಕ ಬಟ್ಟಲಾಗುವ ಬಗೆ ಇನ್ನೂ ಸ್ವಾರಸ್ಯಕರ. ಕೋಶಗಳ ಮೇಲ್ತುದಿ, ದಾರ ಎಳೆದ ಸಂಚಿಯ ಬಾಯಿಯಂತೆ ಕುಗ್ಗುವುದರಿಂದ ಪದರ ಬಾಗುತ್ತದೆ ಎಂಬುದು ನಾವೆಲ್ಲ ಓದಿದ ವಿವರಣೆ. ಆದರೆ ಈಗ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿರುವ ರಾಜ್ ಲಾಧರ್ ಅವರು ಸಹೋದ್ಯೋಗಿಯೊಂದಿಗೆ 2008ರಲ್ಲಿ ಪ್ರಕಟಿಸಿದ ಸಂಶೋಧನೆ, ಮೊದಲ ಹೆಜ್ಜೆ ಕೋಶದ ಬುಡದಲ್ಲಿ ನಡೆಯುತ್ತದೆಂದು ತೋರಿಸಿತು. ಎಫ್‌ಜಿಎಫ್ ಸಂಕೇತವು ಮಯೋಸಿನ್ ಎಂಬ, ಕೋಶದೊಳಗಿನ ಎಳೆಗಳನ್ನು ಜಗ್ಗುವ ಪ್ರೋಟೀನನ್ನು ಚುರುಕುಗೊಳಿಸಿ, ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಪ್ರೋಟೀನಿನ ಎಳೆಗಳನ್ನು ಬುಡದಲ್ಲಿ ತೆಳುವಾಗಿಸುತ್ತದೆ, ಕಟ್ಟು ಸಡಿಲಿದ ಬುಡ ಹಿಗ್ಗುತ್ತದೆ. ಮೇಲ್ತುದಿಯ ಕುಗ್ಗುವಿಕೆ ಆಮೇಲಿನದು. ಮಯೋಸಿನ್ ಎಂದರೆ ಎಳೆಯುವುದೆಂದೇ ತಿಳಿದಿದ್ದ ನನಗೆ, ಅದು ಬಿಚ್ಚುವ ಕೆಲಸವನ್ನೂ ಮಾಡುವುದು ಇಂದಿಗೂ ಸೋಜಿಗ.

ಮೂರನೆಯ ದಿನದ ಹೊತ್ತಿಗೆ ಬಟ್ಟಲಿನ ಬಾಯಿ ಮುಚ್ಚಿಕೊಂಡು ಗುಳ್ಳೆಯಾಗುತ್ತದೆ. ಅದರ ಗೋಡೆಯಿಂದ ಕಳಚಿಕೊಂಡ ಕೆಲವು ಕೋಶಗಳು, ಶಬ್ದ ಮತ್ತು ಸಮತೋಲನದ ಸುದ್ದಿಯನ್ನು ಮೆದುಳಿಗೆ ಒಯ್ಯುವ ನರಕೋಶಗಳಾಗುತ್ತವೆ.