ಆಯಿಯ ಮೊಣಕಾಲಿನ ವಾಸನೆ

ಕಲಬುರಗಿಯಲ್ಲಿ ನೆರಳೂ ಒಂದು ಆಸ್ತಿ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ನಮ್ಮ ಮನೆ ಮುಂದಿನ ಬೇವಿನ ಮರದಡಿ ಅರ್ಧ ಓಣಿಯೇ ಕೂತಿರುತ್ತದೆ. ಇಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ನನ್ನ ಹಿತ್ತಲಿಗೆ ಅಂಟಿದ ಪೀಡೆಯೇ ನೆರಳು. ಪೈನ್ ಮರಗಳ ಕೆಳಗೆ ಹುಲ್ಲೂ ಏಳುವುದಿಲ್ಲ.

ನರ್ಸರಿಯಾಕೆ ಕೈಗಿತ್ತದ್ದು ವಿಂಟರ್‌ಗ್ರೀನ್ ಸಸಿ. ಈ ಸೀಮೆಯ ಕಾಡಿನದೇ ಗಿಡ. ಪೊದೆ ಎಂಬ ಹೆಸರಿದ್ದರೂ ಎತ್ತರ 10–15 ಸೆಂಟಿಮೀಟರ್, ಗೇಣಿಗೂ ಕಡಿಮೆ. ನೆಲದಡಿಯಲ್ಲಿ ಕಾಂಡ ಚಾಚಿ, ಯಾವ ಅವಸರವೂ ಇಲ್ಲದೆ ಹಬ್ಬುತ್ತದೆ. ಒಂದು ಎಲೆ ಹರಿದು ಮೂಸಿದೆ. ನಮ್ಮ ಅಜ್ಜಿ, ಆಯಿ, ರಾತ್ರಿ ಮೊಣಕಾಲಿಗೆ ತಿಕ್ಕಿಕೊಳ್ಳುತ್ತಿದ್ದ ಮುಲಾಮಿನ ವಾಸನೆ! ಊರಿನ ನೆನಪು ಆಡಿಸಿದ ಆಟವಲ್ಲ ಇದು: ನೋವಿನ ಮುಲಾಮುಗಳಿಗೆ ಹಾಕುವ ಮೀಥೈಲ್ ಸ್ಯಾಲಿಸಿಲೇಟ್ ಈ ಎಲೆಯ ಎಣ್ಣೆಯಲ್ಲೇ ಇರುತ್ತದೆ.

12 ಸಸಿ ನೆಟ್ಟೆ. ಅವ್ವ ಬದನೆ ಗಿಡಕ್ಕೆ ಒಲೆಯ ಬೂದಿ ಉದುರಿಸುವುದನ್ನು ನೋಡಿ ಬೆಳೆದವಳು ನಾನು. ಅಗ್ಗಿಷ್ಟಿಕೆಯ ಬೂದಿಯನ್ನು ಬೊಗಸೆಯಲ್ಲಿ ತಂದು ಸುರಿದೆ. ಕೆಲವೇ ವಾರಗಳಲ್ಲಿ ಎಳೆಯ ಎಲೆಗಳು ಹಳದಿಯಾದವು, ನರಗಳು ಮಾತ್ರ ಹಸಿರು. ಬ್ಲೂಬೆರಿಯ ಬಳಗದ ಈ ಗಿಡಕ್ಕೆ ಬೇಕಾದದ್ದು ಹುಳಿ ಮಣ್ಣು. ಬೂದಿ ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತದೆ. ಆಗ ಕಬ್ಬಿಣದ ಅಂಶ ಮಣ್ಣಿನಲ್ಲಿದ್ದೂ ಬೇರಿಗೆ ದಕ್ಕುವುದಿಲ್ಲ. ತೊಗರಿ ಬೆಳೆಯುವ, ಸುಣ್ಣದ ಹರಳು ಬೆರೆತ ನಮ್ಮ ಕರಿ ಮಣ್ಣಿಗೆ ತಂದಿದ್ದರೂ ಇದೇ ಗತಿಯಾಗುತ್ತಿತ್ತು. ನಮ್ಮ ಕಡೆ ನೆಲಕ್ಕೆ ಹಾಸುವ ಶಹಾಬಾದ್ ಪರಸಿಯೂ ಸುಣ್ಣದ ಕಲ್ಲೇ ಅಲ್ಲವೇ?

ಮೂರು ಸಸಿ ಸತ್ತವು. ಬೂದಿ ಬೆರೆತ ಮೇಲ್ಮಣ್ಣನ್ನು ಕೆರೆದು ತೆಗೆದು, ಪೈನ್ ಮರದ ತರಗು ಹರಡಿದೆ. ತರಗಿನಿಂದ ಮಣ್ಣು ಹುಳಿಯಾಗುತ್ತದೆ ಎಂದು ಇಲ್ಲಿ ಬಹಳ ಜನ ಹೇಳುತ್ತಾರೆ. ಅಷ್ಟೇನೂ ಆಗುವುದಿಲ್ಲ, ತೇವ ಆರದಂತೆ ಕಾಯುತ್ತದೆ, ಅಷ್ಟು ಸಾಕು.

ಎರಡನೆಯ ಬೇಸಿಗೆಗೆ ಎಲೆಗಳ ಕೆಳಗೆ ತಲೆ ತಗ್ಗಿಸಿದ ಬಿಳಿ ಗಂಟೆ ಹೂಗಳು. ಡಿಸೆಂಬರಿನಲ್ಲಿ ಎಲೆಗಳು ಉದುರಲಿಲ್ಲ, ತಾಮ್ರದ ಬಣ್ಣಕ್ಕೆ ತಿರುಗಿದವು. ಕೈಯಿಂದ ಹಿಮ ಸರಿಸಿ, ಅಡಿಯಲ್ಲಿದ್ದ ಕೆಂಪು ಹಣ್ಣುಗಳನ್ನು ಅವ್ವನಿಗೆ ವಿಡಿಯೊದಲ್ಲಿ ತೋರಿಸಿದೆ.

“ತಿನ್ನಲಿಕ್ಕೆ ಬರುತ್ತವೆಯೇ?”

“ಬರುತ್ತವೆ ಅವ್ವ. ಆಯಿಯ ಮುಲಾಮು ನೆಕ್ಕಿದ ಹಾಗಿರುತ್ತದೆ.”

ಅವ್ವ ನಕ್ಕಳು. ಆಮೇಲೆ, “ಹಾಗಿದ್ದರೆ ನಾಲ್ಕು ಎಲೆ ಒಣಗಿಸಿಡು, ಬರುವಾಗ ತಾ” ಎಂದಳು. ಅವಳಿಗೂ ಮೊಣಕಾಲು ನೋಯುತ್ತಿದೆ ಎಂದು ನನಗೆ ಗೊತ್ತಾದದ್ದು ಹಾಗೆ.