ರೀಜೆನ್ ಬೇಕೋ, ಸುಮ್ನೆ ಉರುಳಬೇಕೋ: ಧಾರವಾಡ-ಹುಬ್ಬಳ್ಳಿ ಲೆಕ್ಕ, ಮೂರನೇ ವಾರ

ಈ ವಾರ ನನ್ನ ಎಲೆಕ್ಟ್ರಿಕ್ ಕಾರನ್ನು ಮೂರು ದಿನ ರೀಜೆನ್ 3ರಲ್ಲಿ, ಮೂರು ದಿನ 0ಯಲ್ಲಿ ಓಡಿಸಿದೆ. ರೀಜೆನ್ ಅಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿಗೆ ಕರೆಂಟು ತುಂಬೋದು; 3 ಅಂದರೆ ಜೋರು, 0 ಅಂದರೆ ಕಾರು ಸುಮ್ನೆ ಉರುಳುತ್ತದೆ. ದಾರಿ ಅದೇ ಹಳೇದು: ಧಾರವಾಡ ಟೋಲ್ ನಾಕಾ, ಸತ್ತೂರು, ನವಲೂರು, ನವನಗರ, ಉಣಕಲ್, ಆಮೇಲೆ ಹುಬ್ಬಳ್ಳಿ. ಸುಮಾರು 20 ಕಿ.ಮೀ. ಎಸಿ ಹಾಕಲಿಲ್ಲ, ಬೆವರು ಸುರಿಸಿಕೊಂಡೇ ಹೋದೆ.

ಹುಬ್ಬಳ್ಳಿಗೆ ಇಳಿಯುವಾಗ 3ರಲ್ಲಿ ಕಿಲೋಮೀಟರಿಗೆ 99 ವ್ಯಾಟ್-ಅವರ್ ಕರೆಂಟು ಖರ್ಚಾಯಿತು, 0ಯಲ್ಲಿ 92. ವಾಪಸ್ ಬರುವಾಗ ಎರಡರಲ್ಲೂ 125ರ ಆಸುಪಾಸು. ಧಾರವಾಡ ಮೇಲಿದೆ ಅಲ್ವಾ, 80 ಮೀಟರ್ ಎತ್ತರ ಅಂತ ಹಿಡಿದರೂ 1400 ಕೆಜಿ ಕಾರನ್ನು ಮೇಲೆ ಹತ್ತಿಸೋಕೇ 0.3 ಯೂನಿಟ್, ಅಂದರೆ 300 ವ್ಯಾಟ್-ಅವರ್ ಬೇಕು.

0ಯಲ್ಲಿ ಯಾಕೆ ಕಮ್ಮಿ? ಗಂಟೆಗೆ 60ರಲ್ಲಿ ಓಡುವ ಇದೇ ಕಾರಿನ ಓಟದಲ್ಲಿ ಸುಮಾರು 54 ವ್ಯಾಟ್-ಅವರ್ ಶಕ್ತಿ ಇರುತ್ತದೆ. 3ರಲ್ಲಿ ಕಾಲು ತೆಗೆದ ಕೂಡಲೇ ಮೋಟಾರು ಅದನ್ನು ಕರೆಂಟು ಮಾಡಿ ಬ್ಯಾಟರಿಗೆ ಕಳಿಸುತ್ತದೆ, ಮತ್ತೆ ಕಾಲಿಟ್ಟರೆ ಅದೇ ಕರೆಂಟು ವಾಪಸ್ ಬರಬೇಕು, ಹೋಗುವಾಗಲೂ ಬರುವಾಗಲೂ ಒಂದಿಷ್ಟು ಬಿಸಿಯಾಗಿ ಸೋರುತ್ತದೆ. ಉರುಳಲು ಬಿಟ್ಟರೆ ಈ ಓಡಾಟವೇ ಇಲ್ಲ. ಗಾಳಿ, ಟಯರು ತಿಂದಷ್ಟೇ ಲುಕ್ಸಾನು.

ಆದರೆ ಊರೊಳಗೆ ಈ ಮಾತು ನಡೆಯೋದಿಲ್ಲ. ಉಣಕಲ್ ಹತ್ತಿರ ಎದುರಿಗೇ ಸಿಗ್ನಲ್ ಕೆಂಪಾದರೆ ನಿಲ್ಲಲೇಬೇಕು, ಬರೀ ಬ್ರೇಕ್ ಪ್ಯಾಡಿನಲ್ಲಿ ನಿಲ್ಲಿಸಿದರೆ ಇದ್ದದ್ದೆಲ್ಲಾ ಬಿಸಿಯಾಗಿ ಹೋಯಿತು. ಅಲ್ಲಿ ರೀಜೆನ್ ಎಷ್ಟು ಕೊಟ್ಟರೂ ಲಾಭವೇ. ದೂರದಿಂದಲೇ ಸಿಗ್ನಲ್ ನೋಡಿ ಮೊದಲೇ ಕಾಲು ತೆಗೆದರೆ ಇನ್ನೂ ಒಳ್ಳೇದು, ಹಿಂದಿನ ಟಂಟಂನವನು ಹಾರ್ನ್ ಹೊಡೀತಾನೆ, ಹೊಡೀಲಿ.

ಎರಡು ಎಡವಟ್ಟು ಆದವು. ಬುಧವಾರ ನವಲೂರಲ್ಲಿ ಪೇರಲ ಕೊಂಡು ಹಿಂದಿನ ಸೀಟಲ್ಲಿಟ್ಟಿದ್ದೆ. 3ರಲ್ಲಿದ್ದದ್ದು ಮರೆತು ಫಟ್ ಅಂತ ಕಾಲು ತೆಗೆದೆ, ಚೀಲ ಮುಗ್ಗರಿಸಿ ಹಣ್ಣೆಲ್ಲಾ ಸೀಟಿನ ಕೆಳಗೆ. ಅವ್ವ "ಹಗೂರಕ ಹೊಡಿಯೋ, ತಲಿ ತಿರಗಾಕತ್ತೈತಿ" ಅಂದಳು. ಒಂದು ಹಣ್ಣು ಶನಿವಾರ ಸಿಕ್ಕಿತು, ಅದೂ ವಾಸನೆಯಿಂದ.

ಇನ್ನೊಂದು ಶುಕ್ರವಾರದ್ದು. ರಾತ್ರಿ ಮನೆಯಲ್ಲಿ 100ಕ್ಕೆ ಚಾರ್ಜ್ ಮಾಡಿ ಬೆಳಿಗ್ಗೆ ಇಳಿಜಾರಿಗೆ ಬಂದರೆ ರೀಜೆನ್ ಹಿಡಿಯಲೇ ಇಲ್ಲ! ತುಂಬಿದ ಬ್ಯಾಟರಿಗೆ ಇನ್ನೆಲ್ಲಿ ತುಂಬೋದು? ಗಾಬರಿಯಲ್ಲಿ ಬ್ರೇಕ್ ತುಳಿದೆ. ದಿನಾ ಮೇಲಿನಿಂದ ಕೆಳಗೆ ಹೊರಡುವವನಿಗೆ ಇದು ಮೊದಲೇ ಹೊಳೀಬೇಕಿತ್ತು. ಈಗ 90ಕ್ಕೆ ನಿಲ್ಲಿಸುತ್ತಿದ್ದೇನೆ.

ಮುಂದಿನ ವಾರ ನವನಗರದವರೆಗೆ 0, ಅಲ್ಲಿಂದ ಒಳಗೆ 2. ಪೇರಲ ಡಿಕ್ಕಿಯಲ್ಲಿ.